ಲಿಥಿಯಂ ಏರಿದರೆ ಡಯಾಲಿಸಿಸ್, ಕೀಟನಾಶಕಕ್ಕೆ ಏಕಿಲ್ಲ?

ಪ್ರಶ್ನೆ:
ನನ್ನ ಸೋದರಮಾವನವರು ಬೈಪೋಲಾರ್ ಕಾಯಿಲೆಗೆ ಬಹುಕಾಲದಿಂದ ಲಿಥಿಯಂ ಮಾತ್ರೆ ಸೇವಿಸುತ್ತಿದ್ದಾರೆ. ಈಚೆಗೆ ವಾಂತಿಭೇದಿಯಿಂದ ನಿತ್ರಾಣರಾದ ಬಳಿಕ ಕೈನಡುಕ, ತೊದಲು ಮಾತು ಶುರುವಾಗಿ, ಆಸ್ಪತ್ರೆ ಸೇರುವ ಹೊತ್ತಿಗೆ ಕರೆದರೂ ಕಣ್ಣು ತೆರೆಯುತ್ತಿರಲಿಲ್ಲ. ಅಂದೇ ಡಯಾಲಿಸಿಸ್ ಮಾಡಿದರು. ಪಕ್ಕದ ಹಾಸಿಗೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಕುಡಿದಿದ್ದ ಯುವಕನ ಮನೆಯವರು ಎಷ್ಟೇ ಬೇಡಿಕೊಂಡರೂ ವೈದ್ಯರು ಅದಕ್ಕೆ ಒಪ್ಪಲಿಲ್ಲ. ಎರಡೂ ವಿಷವೇ ಅಲ್ಲವೇ?

ಉತ್ತರ 1:
ವಿಷ ರಕ್ತದಲ್ಲಿದೆಯೋ ಅಂಗಾಂಶಗಳಲ್ಲಿ ಸೇರಿಕೊಂಡಿದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಯಂತ್ರಕ್ಕೆ ಸಿಗುವುದು ರಕ್ತದಲ್ಲಿರುವುದು ಮಾತ್ರ. ಅದರಲ್ಲೂ ಪ್ರೋಟೀನಿಗೆ ಅಂಟಿಕೊಂಡದ್ದು ಯಂತ್ರದ ಸೋಸುವ ಪೊರೆಯನ್ನು ದಾಟದು. ಲಿಥಿಯಂ ಪುಟ್ಟ ಅಯಾನು (ವಿದ್ಯುದಂಶವುಳ್ಳ ಕಣ), ಪ್ರೋಟೀನಿಗೆ ಅಂಟುವುದಿಲ್ಲ, ಹೊರಹೋಗಲು ಮೂತ್ರಪಿಂಡವನ್ನೇ ನೆಚ್ಚಿಕೊಂಡಿದೆ. ವಾಂತಿಭೇದಿಯಿಂದ ನೀರಿನಂಶ ಇಳಿದಾಗ ಮೂತ್ರಪಿಂಡವು ಸೋಡಿಯಂ ಜೊತೆಗೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಪ್ರಜ್ಞೆ ಕುಗ್ಗಿದ್ದರೆ ರಕ್ತದಲ್ಲಿನ ಲಿಥಿಯಂ ಅಂಕಿ ಎಷ್ಟೇ ಇರಲಿ, ಡಯಾಲಿಸಿಸ್ ಮಾಡುವುದೇ ಸರಿ.

ಆ ಯುವಕ ಕುಡಿದದ್ದು ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಆಗಿದ್ದರೆ, ಅಂಥ ಬಹಳಷ್ಟು ವಿಷಗಳು ಬೇಗನೆ ಅಂಗಾಂಶಗಳಿಗೆ ಇಳಿದು, ನರಗಳ ಕೆಲಸಕ್ಕೆ ಬೇಕಾದ ಕಿಣ್ವವನ್ನು ಕಟ್ಟಿಹಾಕಿರುತ್ತವೆ. ರಕ್ತವನ್ನು ಸೋಸಿದರೆ ಆ ಕಟ್ಟು ಬಿಚ್ಚುವುದಿಲ್ಲ. ಶ್ವಾಸಕೋಶದಲ್ಲಿ ತುಂಬಿದ ದ್ರವ ಒಣಗುವವರೆಗೆ ಅಟ್ರೋಪಿನ್ ಎಂಬ ಪ್ರತ್ಯೌಷಧ ಕೊಡುತ್ತ, ಬೇಕಾದರೆ ವೆಂಟಿಲೇಟರ್ ಹಾಕುತ್ತ ಕಾಯುವುದೇ ಅಲ್ಲಿನ ಮುಖ್ಯ ಚಿಕಿತ್ಸೆ. ಮನೆಯವರಿಗೆ ಇದು ‘ಏನೂ ಮಾಡುತ್ತಿಲ್ಲ’ ಎಂಬಂತೆ ಕಾಣುವುದು ಸಹಜ.

ಪ್ರಶ್ನೆ ಕೇಳಿದವರು:
ಧನ್ಯವಾದ. ಆದರೆ ಇಳಿದಿದ್ದ ಲಿಥಿಯಂ ಮರುದಿನ ಮತ್ತೆ ಏರಿ, ಇನ್ನೊಮ್ಮೆ ಡಯಾಲಿಸಿಸ್ ಬೇಕಾಯಿತು. ಮೊದಲ ಸಲ ಸರಿಯಾಗಿ ಆಗಲಿಲ್ಲವೇ?

ಉತ್ತರ 2:
ಹಾಗೇನಿಲ್ಲ. ಬಹುಕಾಲ ಮಾತ್ರೆ ನುಂಗಿದವರಲ್ಲಿ ಲಿಥಿಯಂ ಜೀವಕೋಶಗಳ ಒಳಗೂ ಸೇರಿಕೊಂಡಿರುತ್ತದೆ. ರಕ್ತ ಶುದ್ಧವಾದೊಡನೆ ಅದು ನಿಧಾನವಾಗಿ ಹೊರಗೆ ಇಳಿದುಬರುತ್ತದೆ. ಆದ್ದರಿಂದಲೇ ಯಂತ್ರ ನಿಲ್ಲಿಸಿದ ಮೇಲೂ ಹಲವು ಗಂಟೆ ರಕ್ತಪರೀಕ್ಷೆ ಮುಂದುವರಿಸಿ, ಪ್ರಮಾಣ ಲೀಟರಿಗೆ 1 ಮಿಲಿಮೋಲ್‌ಗಿಂತ ಕೆಳಗೇ ನಿಲ್ಲುವುದೇ ಎಂದು ನೋಡುತ್ತಾರೆ. ಮಿದುಳಿನಿಂದ ಅದು ಇನ್ನೂ ತಡವಾಗಿ ಹೊರಬರುವುದರಿಂದ, ಅಂಕಿ ಸರಿಹೋದರೂ ಗೊಂದಲ ಕೆಲವು ದಿನ ಉಳಿಯಬಹುದು.

ಉತ್ತರ 3:
ವಿಷ ಎಲ್ಲಿದೆ ಎಂಬುದರ ಮೇಲೆಯೇ ‘ಎಲ್ಲವೂ’ ನಿಂತಿದೆ ಎಂದು ಮೊದಲ ಉತ್ತರದಲ್ಲಿ ಹೇಳಿದ್ದು ತುಸು ಹೆಚ್ಚಾಯಿತು. ಪ್ಯಾರಾಸಿಟಮಾಲ್ ಅನ್ನು ಡಯಾಲಿಸಿಸ್‌ನಿಂದ ತೆಗೆಯಬಹುದು. ಆದರೂ ಎನ್‌-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧ ಬೇಗ ಸಿಕ್ಕರೆ ಸಾಮಾನ್ಯವಾಗಿ ಯಂತ್ರದ ಅಗತ್ಯವಿಲ್ಲ. ಕಳ್ಳಭಟ್ಟಿಯಲ್ಲಿ ಬರುವ ಮೆಥನಾಲ್ ವಿಷಯ ಬೇರೆ. 1981ರಲ್ಲಿ ಬೆಂಗಳೂರಿನಲ್ಲಿ ನೂರಾರು ಜನರನ್ನು ಬಲಿತೆಗೆದುಕೊಂಡದ್ದು ಅದೇ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಫೋಮೆಪಿಜೋಲ್ ಎಂಬ ಔಷಧ ಅಥವಾ ಎಥನಾಲ್ (ಸಾಮಾನ್ಯ ಮದ್ಯಸಾರ) ಆ ಪರಿವರ್ತನೆಯನ್ನು ತಡೆಯುತ್ತದೆಯೇ ಹೊರತು ಆಗಲೇ ಉಂಟಾದ ಆಮ್ಲವನ್ನು ತೆಗೆಯದು. ಡಯಾಲಿಸಿಸ್ ಮೆಥನಾಲ್ ಹಾಗೂ ಆಮ್ಲ ಎರಡನ್ನೂ ತೆಗೆಯುತ್ತದೆ. ದೃಷ್ಟಿ ಮಂಜಾಗಿದ್ದರೆ ಮೆಥನಾಲ್ ಪ್ರಮಾಣದ ವರದಿ ಬರಲೆಂದು ಕಾಯದೆ ಆರಂಭಿಸಬೇಕು.