ದೋಣಿಯ ಡೆಕ್ ಮೇಲಿನ ಫಿಟ್ಟಿಂಗ್‌ಗಳಿಗೆ, ಮುಂದೆ ಬಿಚ್ಚಲು ಬರುವಂಥ ಸೀಲಂಟ್ ಯಾವುದು?

ಪ್ರಶ್ನೆ

ನಾನು ಅಮೆರಿಕದ ಅನಾಪೊಲಿಸ್‌ನಲ್ಲಿ, ಚೆಸಪೀಕ್ ಕೊಲ್ಲಿಯ ದಡದಲ್ಲಿ ವಾಸವಾಗಿದ್ದೇನೆ. ಕಳೆದ ವರ್ಷ 1980ರ ದಶಕದ 30 ಅಡಿಯ ಫೈಬರ್‌ಗ್ಲಾಸ್ ಹಾಯಿದೋಣಿಯೊಂದನ್ನು ಕೊಂಡೆ. ಡೆಕ್‌ನ ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಬಾಲ್ಸಾ ಮರದ ತಿರುಳಿದೆ. ಮಳೆ ಬಂದ ಮರುದಿನ ಕ್ಯಾಬಿನ್‌ನೊಳಗೆ ಕಣ್ಣಾಡಿಸಿದರೆ ಡೆಕ್ ಅಂಚಿನ ಕಂಬಿಬೇಲಿಯ ಗೂಟಗಳ, ಅಂದರೆ ಸ್ಟ್ಯಾಂಚನ್‌ಗಳ, ಬೋಲ್ಟ್ ತುದಿಗಳಿಂದ ಕಾಫಿ ಡಿಕಾಕ್ಷನ್ ಬಣ್ಣದ ನೀರು ಹನಿಯುತ್ತಿರುತ್ತದೆ. ಒಂದು ಗೂಟವನ್ನು ಬಿಚ್ಚಲು ಹೋದಾಗ, ಹಿಂದಿನವರು ಯಾವುದೋ ಗಟ್ಟಿ ಅಂಟು ಹಾಕಿದ್ದರಿಂದ, ಅಂಗೈಯಗಲದ ಜೆಲ್‌ಕೋಟ್ (ಫೈಬರ್‌ಗ್ಲಾಸ್ ಮೇಲಿನ ನುಣುಪಾದ ಹೊರಪದರ) ಕಿತ್ತುಕೊಂಡೇ ಮೇಲೆ ಬಂತು. ಉಳಿದ ಕೆಲವು ಕಡೆ ಸಿಲಿಕೋನ್ ಹಾಕಿದ ಗುರುತಿದೆ.

ಈ ಚಳಿಗಾಲದಲ್ಲಿ ದೋಣಿ ದಡದ ಮೇಲಿರುವಾಗಲೇ ಎಲ್ಲ ಫಿಟ್ಟಿಂಗ್‌ಗಳನ್ನೂ ಬಿಚ್ಚಿ ಹೊಸದಾಗಿ ಕೂರಿಸಬೇಕೆಂದಿದ್ದೇನೆ. ನೀರು ಒಳಗೆ ಹೋಗಬಾರದು, ಆದರೆ ಹತ್ತು ವರ್ಷಗಳ ನಂತರ ಬಿಚ್ಚುವವರಿಗೆ ನನಗಾದ ಗತಿ ಆಗಲೂಬಾರದು. ಸಂದುಗಳಲ್ಲಿ ನೀರು ತಡೆಯುವ ಸೀಲಂಟ್‌ಗಳಾದ ಬ್ಯೂಟೈಲ್ ಟೇಪ್ (ರಬ್ಬರಿನಂಥ ಮೆತ್ತನೆಯ ಅಂಟುಪಟ್ಟಿ), ಪಾಲಿಸಲ್ಫೈಡ್, ಇಲ್ಲವೇ ಸ್ವಲ್ಪ ಮೃದುವಾದ ಪಾಲಿಯುರೆಥೇನ್, ಈ ಮೂರರಲ್ಲಿ ಯಾವುದನ್ನು ಆರಿಸಲಿ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ತಮ್ಮ ಸ್ಟ್ಯಾಂಚನ್‌ಗಳಿಗೆ ಬ್ಯೂಟೈಲ್ ಟೇಪ್ ಎಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ. ಗೂಟವನ್ನು ಡೆಕ್‌ಗೆ ಹಿಡಿದಿಡುವುದು ಬೋಲ್ಟ್ ಮತ್ತು ಅದರ ಕೆಳಗಿನ ಅಗಲವಾದ ತಗಡು. ಸೀಲಂಟ್‌ನ ಕೆಲಸ ನೀರನ್ನು ತಡೆಯುವುದು ಮಾತ್ರ. ಇದನ್ನು ಮರೆತವರೇ ತ್ರೀಎಂ ಕಂಪನಿಯ 5200ರಂಥ ಪಾಲಿಯುರೆಥೇನನ್ನು ಡೆಕ್ ಮೇಲೆಲ್ಲ ಬಳಿಯುತ್ತಾರೆ. ಅದನ್ನು ತಯಾರಿಸುವವರೇ ಶಾಶ್ವತ ಜೋಡಣೆಗೆಂದು ಮಾರುತ್ತಾರೆ. ಪೂರ್ತಿ ಗಟ್ಟಿಯಾಗಲು 5ರಿಂದ 7 ದಿನ ಬೇಕು, ಆಮೇಲೆ ಅದು ಜೆಲ್‌ಕೋಟ್‌ಗಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದೇ ಕಂಪನಿಯ 4200 ಅಷ್ಟು ಬಲವಾದುದಲ್ಲ, ಪ್ರಯತ್ನಪಟ್ಟರೆ ಬಿಚ್ಚಬಹುದು. ಆದರೂ ಅದು ಅಂಟೇ.

ಬ್ಯೂಟೈಲ್ ಎಂದೂ ಗಟ್ಟಿಯಾಗುವುದಿಲ್ಲ. ಗೂಟಕ್ಕೆ ಕೈಕೊಟ್ಟು ಯಾರಾದರೂ ದೋಣಿ ಹತ್ತುವಾಗ ತಳ ಕೂದಲೆಳೆಯಷ್ಟು ಅಲುಗಿದರೂ ಅದು ಜೊತೆಗೇ ಹಿಗ್ಗಿ ಕುಗ್ಗುತ್ತದೆ. ಆದರೆ ಆರ್‌ವಿ (ಒಳಗೇ ವಾಸಿಸಬಹುದಾದ ಪ್ರವಾಸಿ) ವಾಹನಗಳ ಅಂಗಡಿಯಲ್ಲಿ ಸಿಗುವ ಅಗ್ಗದ ಸುರುಳಿಗಳಲ್ಲಿ ಎಷ್ಟೋ ತೀರಾ ಮೆತ್ತಗಿರುತ್ತವೆ, ಬಿಸಿಲಿಗೆ ಜಾರಿ ಇಳಿಯುತ್ತವೆ. ದೋಣಿಗೆಂದೇ ಮಾಡಿದ, ಎಳೆದರೆ ತುಂಡಾಗದೆ ಉದ್ದಕ್ಕೆ ಹಿಗ್ಗುವ ಬೂದುಬಣ್ಣದ ಟೇಪ್ ಕೊಳ್ಳಿ.

ಇನ್ನು ಟೇಪ್‌ಗಿಂತ ಮುಖ್ಯವಾದುದು ರಂಧ್ರ. ಯಾವ ಸೀಲಂಟ್ ಆದರೂ ಒಂದಲ್ಲ ಒಂದು ದಿನ ಸೋರುತ್ತದೆ. ಅಂದು ನೀರು ಬಾಲ್ಸಾವನ್ನು ಮುಟ್ಟದೆ ನೇರವಾಗಿ ಕ್ಯಾಬಿನ್ ಒಳಗೆ ಬಿದ್ದರೆ ನಷ್ಟ ಒಂದು ಒದ್ದೆ ದಿಂಬು, ಬಾಲ್ಸಾದೊಳಗೆ ಇಳಿದರೆ ಇಡೀ ಡೆಕ್. ತಮ್ಮ ಊರಿನ ಚಳಿಗೆ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ಪದರಗಳನ್ನು ಬೇರ್ಪಡಿಸುವ ಅಪಾಯವೂ ಇದೆ. ಆದ್ದರಿಂದ 6 ಮಿಲಿಮೀಟರ್ ಬೋಲ್ಟ್ ಹೋಗುವ ಕಡೆ 12 ಮಿಲಿಮೀಟರ್ ರಂಧ್ರ ಕೊರೆದು, ಬಗ್ಗಿಸಿದ ಮೊಳೆಯೊಂದನ್ನು ಡ್ರಿಲ್‌ಗೆ ಸಿಕ್ಕಿಸಿ ತಿರುಗಿಸಿ ಸುತ್ತಲಿನ ಬಾಲ್ಸಾವನ್ನು ಕೆರೆದು ತೆಗೆಯಿರಿ; ಕೆಳಗಿನಿಂದ ಟೇಪ್ ಅಂಟಿಸಿ, ಸಿಲಿಕಾ ಪುಡಿ ಬೆರೆಸಿ ಮಂದ ಮಾಡಿದ ಎಪಾಕ್ಸಿಯನ್ನು (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ರಾಳವನ್ನು) ತುಂಬಿ, ಅದು ಆರಿದ ಮೇಲೆ ನಡುವೆ 6 ಮಿಲಿಮೀಟರ್ ರಂಧ್ರವನ್ನು ಮತ್ತೆ ಕೊರೆಯಿರಿ. ಆ ರಂಧ್ರದ ಬಾಯಿಯನ್ನು ಕೌಂಟರ್‌ಸಿಂಕ್ ಬಿಟ್‌ನಿಂದ ಆಲಿಕೆಯಂತೆ ಸ್ವಲ್ಪ ಅಗಲಿಸಬೇಕು. ಬೋಲ್ಟ್ ಬಿಗಿಯುವಾಗ ಬ್ಯೂಟೈಲ್ ಆ ತಗ್ಗಿನಲ್ಲಿ ಕುಳಿತು ಬೋಲ್ಟ್‌ನ ಕುತ್ತಿಗೆಗೆ ಉಂಗುರದಂತೆ ಸುತ್ತಿಕೊಳ್ಳುತ್ತದೆ. ಈ ಪುಟ್ಟ ತಗ್ಗನ್ನು ಬಿಟ್ಟವರೇ ಹೆಚ್ಚಾಗಿ ಬ್ಯೂಟೈಲ್ ಸೋರುತ್ತದೆಂದು ದೂರುವುದು.

ಟೇಪನ್ನು ಕೋಡುಬಳೆಯ ಹಿಟ್ಟಿನಂತೆ ಬೆರಳುಗಳಲ್ಲಿ ಹೊಸೆದು ಬೋಲ್ಟ್‌ನ ತಲೆಯ ಕೆಳಗೆ ಸುತ್ತಿ, ಫಿಟ್ಟಿಂಗ್‌ನ ತಳಕ್ಕೂ ಪೂರ್ತಿಯಾಗಿ ಹಚ್ಚಿ. ಮೇಲೆ ಬೋಲ್ಟನ್ನು ಒಬ್ಬರು ಅಲುಗದಂತೆ ಹಿಡಿದಿರಬೇಕು, ಕೆಳಗಿನಿಂದ ನಟ್ಟನ್ನು ಮಾತ್ರ ಇನ್ನೊಬ್ಬರು ತಿರುಗಿಸಬೇಕು; ಬೋಲ್ಟೇ ತಿರುಗಿದರೆ ಸುತ್ತಿದ ಟೇಪ್ ಹರಿಯುತ್ತದೆ. ಒಂದೇ ದಿನ ಪೂರ್ತಿ ಬಿಗಿಯಬೇಡಿ. ಬ್ಯೂಟೈಲ್ ನಿಧಾನವಾಗಿ ಹರಿಯುವ ವಸ್ತು, ಚಳಿಯಲ್ಲಂತೂ ಇನ್ನೂ ನಿಧಾನ. ಎರಡು ಮೂರು ದಿನಗಳಿಗೊಮ್ಮೆ ಕಾಲು ಸುತ್ತು ಬಿಗಿಯುತ್ತಾ ಹೋಗಿ, ಅಂಚಿನಿಂದ ಹೊರಗೆ ಬಂದುದನ್ನು ಪ್ಲಾಸ್ಟಿಕ್ ಚಾಕುವಿನಿಂದ ಕತ್ತರಿಸಿ.

ಉತ್ತರ 2

ಮೇಲಿನವರು ಹೇಳಿದ ರಂಧ್ರದ ವಿಧಾನವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಎಲ್ಲ ಫಿಟ್ಟಿಂಗ್‌ಗಳನ್ನೂ ಹೊಸದಾಗಿ ಕೂರಿಸಬೇಕೆಂದು ತಾವು ಬರೆದಿರುವುದರಿಂದ, ಬ್ಯೂಟೈಲ್ ಸಲ್ಲದ ಜಾಗಗಳನ್ನೂ ಹೇಳಲೇಬೇಕು. ಡೀಸೆಲ್ ತುಂಬುವ ಮುಚ್ಚಳದ ಸುತ್ತ ಅದನ್ನು ಹಾಕಬೇಡಿ, ಇಂಧನ ತಾಗಿದರೆ ಅದು ಕರಗುತ್ತದೆ. ಅಲ್ಲಿಗೆ ಪಾಲಿಸಲ್ಫೈಡ್ ಸರಿ. ತೇಗದ ಮರದ ಕೆಲಸಕ್ಕೂ ಅದೇ ಉತ್ತಮ. ಆರಿದ ಮೇಲೂ ರಬ್ಬರಿನಂತೆ ಬಳುಕುತ್ತದೆ, ಚಾಕುವಿನಿಂದ ಕೊಯ್ದು ಬಿಡಿಸಬಹುದು. ಆರಲು ಹಲವು ದಿನ ಹಿಡಿಯುತ್ತದೆ ಎಂಬುದು ಅದರ ಒಂದು ತೊಂದರೆ. ನೀರಿನ ಮಟ್ಟದ ಕೆಳಗಿನ ಯಾವ ಫಿಟ್ಟಿಂಗ್‌ಗೂ ಬ್ಯೂಟೈಲ್ ಬೇಡ.

ಕಿಟಕಿಗಳ ವಿಷಯದಲ್ಲಿ ಬಹಳ ಎಚ್ಚರವಿರಲಿ. ಪಾಲಿಸಲ್ಫೈಡ್ ಅಕ್ರಿಲಿಕ್, ಪಾಲಿಕಾರ್ಬೊನೇಟ್, ಎಬಿಎಸ್ ಮುಂತಾದ ಪ್ಲಾಸ್ಟಿಕ್‌ಗಳನ್ನು ತಿನ್ನುತ್ತದೆ. ಮೊದಲು ಕೂದಲಿನಂಥ ಬಿರುಕುಗಳು ಕಾಣಿಸುತ್ತವೆ, ಆಮೇಲೆ ಒಡೆಯುತ್ತದೆ. ಅಂಥ ಕಡೆ ಸಿಲಿಕೋನ್‌ಗೆ ನ್ಯಾಯವಾದ ಜಾಗವಿದೆ. ಬರಿಯ ಜೆಲ್‌ಕೋಟ್ ಮೇಲೆ ಮಾತ್ರ ಅದನ್ನು ತರಬೇಡಿ, ಏಕೆಂದರೆ ಅದು ಬಿಟ್ಟುಹೋಗುವ ತೆಳುವಾದ ಎಣ್ಣೆಯಂಥ ಪದರದ ಮೇಲೆ ಬಣ್ಣವೂ ನಿಲ್ಲುವುದಿಲ್ಲ, ಇನ್ನೊಂದು ಸೀಲಂಟೂ ಹಿಡಿಯುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೂ ಐದು ಗೂಟಗಳು ಅದೇ ಗಟ್ಟಿ ಅಂಟಿನಲ್ಲಿ ಕುಳಿತಿವೆ. ಜೆಲ್‌ಕೋಟ್ ಕೀಳದಂತೆ ಅವುಗಳನ್ನು ಬಿಡಿಸುವುದು ಹೇಗೆ? ಸಿಲಿಕೋನ್ ಪದರವನ್ನು ಉಜ್ಜುಕಾಗದದಿಂದ ತೆಗೆಯಬಹುದೇ?

ಉತ್ತರ 3

ಮೀಟುಗೋಲು ಹಾಕಿ ಮೇಲೆತ್ತುವುದನ್ನು ಮೊದಲು ಬಿಡಿ, ಜೆಲ್‌ಕೋಟ್ ಹೋಗುವುದು ಅದರಿಂದಲೇ. ನಟ್‌ಗಳನ್ನು ತೆಗೆದು, ಬೋಲ್ಟ್‌ಗಳನ್ನು ಕೆಳಗಿನಿಂದ ಮೃದುವಾಗಿ ತಟ್ಟಿ ಹೊರದೂಡಿ. ಲೋಹದ ತಳವನ್ನು ಹೀಟ್ ಗನ್‌ನಿಂದ ಸ್ವಲ್ಪ ಸ್ವಲ್ಪವಾಗಿ ಬಿಸಿ ಮಾಡಿದರೆ ಪಾಲಿಯುರೆಥೇನ್ ಮೆತ್ತಗಾಗುತ್ತದೆ. ಶಾಖ ಲೋಹಕ್ಕೆ ತಗುಲಬೇಕೇ ಹೊರತು ಡೆಕ್‌ಗೆ ಅಲ್ಲ. ಆಗ ಗಿಟಾರಿನ ತೆಳು ತಂತಿಯ ಎರಡು ತುದಿಗೂ ಮರದ ಹಿಡಿ ಕಟ್ಟಿ, ತಳದ ಕೆಳಗೆ ಗರಗಸದಂತೆ ಎಳೆಯಿರಿ. ನಾನು ಹೀಗೆ ಒಂದು ಗೂಟ ಬಿಡಿಸಲು ಮುಕ್ಕಾಲು ಗಂಟೆ ತೆಗೆದುಕೊಂಡೆ, ಜೆಲ್‌ಕೋಟ್ ಒಂದು ಚೂರೂ ಹೋಗಲಿಲ್ಲ.

ಸಿಲಿಕೋನನ್ನು ಮೊದಲೇ ಉಜ್ಜಬೇಡಿ, ಉಜ್ಜಿದರೆ ಅದು ಗೀರುಗಳೊಳಗೆ ಸೇರಿಕೊಳ್ಳುತ್ತದೆ. ಬ್ಲೇಡಿನಿಂದ ಹೆರೆದು, ಸಿಲಿಕೋನ್ ತೆಗೆಯುವ ದ್ರಾವಣದಿಂದ ಪ್ರತಿಸಲ ಹೊಸ ಬಟ್ಟೆಯಲ್ಲಿ ಒರೆಸಿ. ಒಂದು ಹನಿ ನೀರು ಮಣಿಯಂತೆ ನಿಲ್ಲದೆ ಹರಡಿಕೊಂಡರೆ ಪದರ ಹೋಗಿದೆ ಎಂದು ತಿಳಿಯಬಹುದು.

ತಾವು ಹೇಳಿದ ಡಿಕಾಕ್ಷನ್ ಬಣ್ಣದ ನೀರೇ ನನಗೆ ಹೆಚ್ಚು ಚಿಂತೆಯ ವಿಷಯವಾಗಿ ಕಾಣುತ್ತದೆ. ಬಾಲ್ಸಾ ಆಗಲೇ ನೆನೆದಿರುವ ಲಕ್ಷಣ ಅದು. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಪ್ರತಿ ಗೂಟದ ಸುತ್ತಲೂ ತಟ್ಟುತ್ತಾ ಹೋಗಿ, ಟಣ್ ಎನ್ನುವ ಕಡೆಗೂ ಮಂಕಾಗಿ ದಪ್ ಎನ್ನುವ ಕಡೆಗೂ ಪೆನ್ಸಿಲ್ಲಿನಿಂದ ಗಡಿ ಗುರುತಿಸಿ. ಮಂಕು ಸದ್ದು ರಂಧ್ರದ ಸುತ್ತ ಒಂದೆರಡು ಬೆರಳಗಲ ಮಾತ್ರ ಇದ್ದರೆ, ಚಳಿಗಾಲವಿಡೀ ಹೊದಿಕೆಯ ಕೆಳಗೆ ರಂಧ್ರಗಳನ್ನು ತೆರೆದಿಟ್ಟು ಒಣಗಿಸಿ, ಬಿಸಿಲು ಬಂದ ಮೇಲೆ ಎಪಾಕ್ಸಿ ತುಂಬಿ. ಗೇಣಗಲಕ್ಕೂ ಮೀರಿ ಹರಡಿದ್ದರೆ ಮೇಲಿನ ಪದರವನ್ನು ಕತ್ತರಿಸಿ ತೆಗೆದು ಹೊಸ ಬಾಲ್ಸಾ ಕೂರಿಸುವವರೆಗೆ ಸೀಲಂಟ್ ಕೊಳ್ಳಲು ಹೋಗಬೇಡಿ.