ಶಾಲೆಯ ವೆಬ್‌ಸೈಟ್ ಕೆಲಸ ನನ್ನ ಕೊರಳಿಗೆ ಬಿದ್ದಿದೆ, ಮೊದಲ ಪುಟದಲ್ಲಿ ಏನಿರಬೇಕು?

ಗಣಿತ_ಮಾಸ್ತರ್_ಹಾವೇರಿ:

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಮಾಸ್ತರ್ ನಾನು. ಕಂಪ್ಯೂಟರ್ ಸ್ವಲ್ಪ ಬರುತ್ತದೆ ಅನ್ನುವ ಒಂದೇ ತಪ್ಪಿಗೆ ಈ ಕೆಲಸ ನನಗೆ ಬಂದಿದೆ. ಹೋದ ಶನಿವಾರ ಶಾಲೆ ಬಿಟ್ಟ ಮೇಲೆ ಆಡಳಿತ ಮಂಡಳಿಯವರು ಕರೆದು ಕೂರಿಸಿಕೊಂಡರು. ಚುರುಮುರಿ ತಿನ್ನುತ್ತಾ ಒಬ್ಬೊಬ್ಬರು ಒಂದೊಂದು ಹೇಳಿದರು. ಪುಟ ತೆರೆದ ಕೂಡಲೇ ಶಾಲೆಯ ಪ್ರಾರ್ಥನೆ ಕೇಳಿಸಬೇಕು, ಸಂಸ್ಥಾಪಕರಿಂದ ಹಿಡಿದು ಈಗಿನ ಚೇರ್ಮನ್ನರ ತನಕ ಎಲ್ಲರ ಫೋಟೊ ಮೇಲೆ ಬರಬೇಕು, ಅದರ ಕೆಳಗೆ ಟಿವಿಯಲ್ಲಿ ಓಡುವ ಹಾಗೆ ಸುದ್ದಿ ಓಡಬೇಕು, ಗ್ಯಾದರಿಂಗಿನ 40 ಫೋಟೊ ಒಂದಾದ ಮೇಲೊಂದು ತಿರುಗಬೇಕು. ನಾನು ಎಲ್ಲದಕ್ಕೂ ಹೂಂ ಅಂದು ಬಂದೆ.

ಇನ್ನೊಂದು ತೊಂದರೆ. ನಮ್ಮ ಸುತ್ತೋಲೆಗಳೆಲ್ಲ ಹಳೇ 'ನುಡಿ' ತಂತ್ರಾಂಶದಲ್ಲಿ ಟೈಪ್ ಆಗಿವೆ. ಕಾಪಿ ಮಾಡಿ ಪುಟಕ್ಕೆ ಹಾಕಿದರೆ ಇಂಗ್ಲಿಷ್ ಅಕ್ಷರಗಳು ತಲೆ ಮೇಲೆ ಕೊಂಬು, ಟೋಪಿ ಇಟ್ಟುಕೊಂಡು ಬರುತ್ತವೆ. ಸುತ್ತೋಲೆಯ ಫೋಟೊ ಹೊಡೆದು ಅದನ್ನೇ ಪುಟಕ್ಕೆ ಹಾಕಿಬಿಡಲಾ? ಮತ್ತೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚು ಅಂಕ ತೆಗೆದ ಮಕ್ಕಳ ಫೋಟೊ, ಹೆಸರು, ಊರು ಹಾಕಬಹುದಾ? ತಿಳಿದವರು ಹೇಳಿ.

ಉಣಕಲ್_ಕೋಡರ್:

ಸರ್, ಹುಬ್ಬಳ್ಳಿಯಲ್ಲಿ ಹತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಶಾಲೆಗಳದ್ದೂ ಮಾಡಿದ್ದೇನೆ. ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಕೆಲಸ ಮಾಡಿ. ಆಫೀಸಿನ ಫೋನಿಗೆ ಒಂದು ವಾರ ಯಾರು ಏನು ಕೇಳಿಕೊಂಡು ಕರೆ ಮಾಡುತ್ತಾರೆ ಅಂತ ನಿಮ್ಮ ಕ್ಲಾರ್ಕ್ ಹತ್ತಿರ ಒಂದು ಹಾಳೆಯಲ್ಲಿ ಬರೆಸಿ. ಆ ಹಾಳೆಯೇ ನಿಮ್ಮ ಮೊದಲ ಪುಟ. ಮಂಡಳಿಯವರ ಫೋಟೊಗೆ 'ನಮ್ಮ ಶಾಲೆ' ಅಂತ ಬೇರೆ ಪುಟ ಮಾಡಿ, ಅಲ್ಲಿ ದೊಡ್ಡದಾಗಿಯೇ ಹಾಕಿ, ಯಾರಿಗೂ ಬೇಜಾರಾಗುವುದಿಲ್ಲ.

ಪ್ರಾರ್ಥನೆ ತಾನಾಗಿ ಶುರುವಾಗುವುದು ಬಿಟ್ಟುಬಿಡಿ. 2018ರಿಂದ ಕ್ರೋಮ್‌ನಲ್ಲಿ ಸದ್ದಿರುವ ಆಡಿಯೊ ತಾನಾಗಿ ಶುರುವಾಗದ ಹಾಗೆ ತಡೆ ಇದೆ, ಹಾಗಾಗಿ ಹಾಕಿದರೂ ಜಾಸ್ತಿ ಸಲ ಕೇಳಿಸುವುದಿಲ್ಲ. ಅಕಸ್ಮಾತ್ ಕೇಳಿಸಿದರೆ ಅದು ಇನ್ನೂ ಕಷ್ಟ, ಬಸ್ಸಿನಲ್ಲಿ ಕೂತವರ ಫೋನು ಒಮ್ಮೆಲೇ ಹಾಡಲು ಶುರುಮಾಡಿದರೆ ಅವರು ಮೊದಲು ಮುಚ್ಚುವುದು ನಿಮ್ಮ ಪುಟವನ್ನೇ.

ಫೋಟೊ ಲೆಕ್ಕ ನೋಡಿ, ನೀವು ಗಣಿತದವರು. ಫೋನಿನಲ್ಲಿ ತೆಗೆದ ಒಂದು ಫೋಟೊ ಸುಮಾರು 4 ಎಂಬಿ, 40 ಫೋಟೊ ಅಂದರೆ 160 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿಕೊಂಡವರ ಹತ್ತರಲ್ಲಿ ಒಂದು ಪಾಲು ನಿಮ್ಮ ಗ್ಯಾದರಿಂಗಿಗೇ ಹೋಯಿತು. ಮೊದಲ ಪುಟಕ್ಕೆ ಒಂದೇ ಫೋಟೊ ಸಾಕು. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಅನ್ನುವ ಕಡಿಮೆ ಜಾಗ ಹಿಡಿಯುವ ಫೈಲ್ ಮಾಡಿ ಉಳಿಸಿ, 150-200 ಕೆಬಿಗೆ ಬರುತ್ತದೆ.

ಇನ್ನು ನುಡಿ. ಹಳೇ ನುಡಿ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ಆ ಆಕಾರ ಹೋಗಿ ಬರೀ ಕೊಂಬು, ಟೋಪಿ ಉಳಿಯುತ್ತದೆ. ಎಲ್ಲ ಫೋನಿನಲ್ಲೂ ಓದಲು ಬರುವ ಯುನಿಕೋಡ್ ಅಕ್ಷರಕ್ಕೆ ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಆದರೆ ಬದಲಾಯಿಸಿದ ಮೇಲೆ ಒಂದು ಸಲ ಕಣ್ಣಾಡಿಸಿ, ಅರ್ಕಾವತ್ತು ಇರುವ ಪದಗಳಲ್ಲಿ ಎಡವಟ್ಟಾಗುತ್ತದೆ. 'ಕಾರ್ಯದರ್ಶಿ'ಯವರ ಹೆಸರಿನ ಮುಂದೆಯೇ ತಪ್ಪಾಗಿ ಒಂದು ಸಲ ನಾನು ಬೈಸಿಕೊಂಡಿದ್ದೇನೆ. ಫಾಂಟ್ ನೋಟೊ ಸಾನ್ಸ್ ಕನ್ನಡ ಇಡಿ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ, ಅಕ್ಷರದ ಅಳತೆಯ 1.6 ಪಟ್ಟಾದರೂ ಇರಲಿ. ಇಂಗ್ಲಿಷ್‌ಗೆ ಅಂತ ಮಾಡಿದ ಸಿದ್ಧ ವಿನ್ಯಾಸದಲ್ಲಿ 'ರಾಷ್ಟ್ರೀಯ ಹಬ್ಬಗಳು' ಅಂತ ಬರೆದು ನೋಡಿ, ಷ ಕೆಳಗೆ ಎರಡು ಒತ್ತು ಇಳಿದು ಕೆಳಗಿನ ಸಾಲಿನ ತಲೆ ಮೇಲೆ ಕೂತಿರುತ್ತವೆ.

ಗಿರಮಿಟ್_ಪ್ರಿಯ:

ಇಷ್ಟೆಲ್ಲ ಯಾಕೆ? ವಾಟ್ಸಾಪ್ ಗ್ರೂಪ್ ಇದೆಯಲ್ಲ. ನನ್ನ ಮಗನ ಶಾಲೆಯದ್ದೂ ವೆಬ್‌ಸೈಟ್ ಇದೆ, ಅದರಲ್ಲಿ 'ಹೊಸ ಸುದ್ದಿ' ಅಂತ ಮಿನುಗುತ್ತಿರುವುದು ಮೂರು ವರ್ಷದ ಹಿಂದಿನ ಗಣರಾಜ್ಯೋತ್ಸವ. ಸುಮ್ನೆ ದುಡ್ಡು ದಂಡ.

ಗದಗ_ಬೆಟಗೇರಿ_ಅಮ್ಮ:

ಗಿರಮಿಟ್ ಅಣ್ಣಾ, ಗ್ರೂಪಿನಲ್ಲಿ ಇರುವುದು ಈಗ ಓದುತ್ತಿರುವ ಮಕ್ಕಳ ಮನೆಯವರು ಮಾತ್ರ ಅಲ್ವಾ? ಹೋದ ವರ್ಷ ಮಗಳನ್ನು ಎಂಟನೇ ಕ್ಲಾಸಿಗೆ ಹಾಕುವಾಗ ನಾನು ಯಾವ ಗ್ರೂಪಿನಲ್ಲೂ ಇರಲಿಲ್ಲ. ಒಂದು ಶಾಲೆಯ ವೆಬ್‌ಸೈಟ್ ತೆರೆದೆ. ದೃಷ್ಟಿಕೋನ ಅಂತೆ, ಧ್ಯೇಯ ಅಂತೆ, ಎಲ್ಲ ಇತ್ತು, ಯಾವ ಕಾಗದ ತರಬೇಕು ಅಂತ ಮಾತ್ರ ಇರಲಿಲ್ಲ. ಫೋನ್ ನಂಬರ್ ಒಂದು ಚಿತ್ರದೊಳಗೆ ಇತ್ತು, ಒತ್ತಿದರೆ ಕರೆ ಹೋಗಲ್ಲ, ಕಾಪಿನೂ ಆಗಲ್ಲ. ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡು ಡಯಲ್ ಮಾಡಿದೆ. ಅದೂ ಹಳೇ ನಂಬರ್. ಬಿಸಿಲಲ್ಲಿ ಹೋದೆ, ಜಾತಿ ಆದಾಯ ಪ್ರಮಾಣಪತ್ರದ ಝೆರಾಕ್ಸ್ ಇಲ್ಲ ಅಂತ ವಾಪಸ್ ಕಳಿಸಿದರು. ಆಟೊಗೆ ಎರಡು ಸಲ ದುಡ್ಡು.

ಮಾಸ್ತರ್ರೇ, ನಮ್ಮಂಥವರಿಗೆ ಬೇಕಾಗಿದ್ದು ಇಷ್ಟೇ. ಪ್ರವೇಶಕ್ಕೆ ಏನು ತರಬೇಕು, ಫೀ ಎಷ್ಟು, ಆಫೀಸು ಎಷ್ಟೊತ್ತಿಗೆ ತೆರೆದಿರುತ್ತದೆ, ಶನಿವಾರ ಮುಂಜಾನೆ ಶಾಲೆ ಎಷ್ಟಕ್ಕೆ ಬಿಡುತ್ತದೆ, ಮಳೆ ಜೋರಾದ ದಿನ ರಜೆ ಇದೆಯೋ ಇಲ್ಲವೋ. ಮಕ್ಕಳ ಹೆಸರು, ಊರು, ಫೋಟೊ ಒಟ್ಟಿಗೆ ಹಾಕಬೇಡಿ ದಯವಿಟ್ಟು. ಹೆಣ್ಣು ಹುಡುಗಿಯ ಫೋಟೊ ಯಾರ್ಯಾರ ಕೈಗೆ ಹೋಗುತ್ತದೆ ಅಂತ ಯಾರಿಗೆ ಗೊತ್ತು.

ಉಣಕಲ್_ಕೋಡರ್:

ಅಕ್ಕ ಹೇಳಿದ್ದು ಸರಿ, ಕಾನೂನೂ ಆ ಕಡೆಗೇ ಇದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು. ಪ್ರವೇಶದ ಅರ್ಜಿ ಜೊತೆಗೇ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಬೇಡ ಅಂದವರ ಮಕ್ಕಳನ್ನು ಬಿಡಿ. ನನ್ನ ಮಟ್ಟಿಗೆ ಹೇಳುವುದಾದರೆ ಗುಂಪಿನ ಫೋಟೊ ಹಾಕಿ, ಕೆಳಗೆ ಹೆಸರು ಬೇಡ. ಅಂಕಪಟ್ಟಿ, ರಿಜಿಸ್ಟರ್ ನಂಬರ್ ಅಂತೂ ಬೇಡವೇ ಬೇಡ.

ಕಿವಿಯಲ್ಲಿ_ಓದುವವ_ಧಾರವಾಡ:

ನನಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಫೋನಿನಲ್ಲಿ ಟಾಕ್‌ಬ್ಯಾಕ್ ಅನ್ನುವ ಸ್ಕ್ರೀನ್ ರೀಡರ್, ಅಂದರೆ ಪರದೆ ಮೇಲಿದ್ದದ್ದನ್ನು ಓದಿ ಹೇಳುವ ತಂತ್ರಾಂಶ, ಇಟ್ಟುಕೊಂಡು ಕೇಳಿ ಓದುತ್ತೇನೆ. ನನ್ನ ಮಗ ಒಂಬತ್ತನೇ ಕ್ಲಾಸು.

ಸರ್, ಸುತ್ತೋಲೆಯ ಫೋಟೊ ಹೊಡೆದು ಹಾಕಲಾ ಅಂತ ಕೇಳಿದಿರಿ. ಹಾಗೆ ಹಾಕಿದ ಪುಟ ನನಗೆ ಹೇಗೆ ಕೇಳಿಸುತ್ತದೆ ಹೇಳುತ್ತೇನೆ. 'ಗ್ರಾಫಿಕ್'. ಅಷ್ಟೇ. ಆಮೇಲೆ ಫೈಲಿನ ಹೆಸರಿನಲ್ಲಿರುವ ಉದ್ದನೆಯ ಅಂಕಿಗಳು ಒಂದೊಂದಾಗಿ. ಪರೀಕ್ಷಾ ವೇಳಾಪಟ್ಟಿಯನ್ನು ಮಗನ ಹತ್ತಿರವೇ ಓದಿಸಿಕೊಳ್ಳಬೇಕು, ಅವನು ನನಗೆ ಯಾವುದನ್ನು ಓದಿ ಹೇಳುತ್ತಾನೆ ಯಾವುದನ್ನು ಬಿಡುತ್ತಾನೆ ಅಂತ ನೀವು ಮಾಸ್ತರ್, ನಿಮಗೇ ಗೊತ್ತು :)

ಅಕ್ಷರದಲ್ಲೇ ಬರೆಯಿರಿ. ಚಿತ್ರ ಬೇಕೇ ಬೇಕಾದರೆ ಅದರ ಹಿಂದೆ, ಕೋಡಿನಲ್ಲಿ, ಒಂದು ಸಾಲಿನ ವಿವರಣೆ ಇಡಿ. ಕೊಂಡಿಗೆ (ಲಿಂಕ್‌ಗೆ) 'ಇಲ್ಲಿ ಕ್ಲಿಕ್ ಮಾಡಿ' ಅಂತ ಬರೆಯಬೇಡಿ. ನಾನು ಪುಟದ ಕೊಂಡಿಗಳನ್ನಷ್ಟೇ ಪಟ್ಟಿ ಮಾಡಿಸಿ ಕೇಳುತ್ತೇನೆ, ಆಗ ಎಂಟು ಸಲ 'ಇಲ್ಲಿ ಕ್ಲಿಕ್ ಮಾಡಿ' ಅಂತ ಬಂದರೆ ಯಾವ 'ಇಲ್ಲಿ'? 'ಎಂಟನೇ ಕ್ಲಾಸಿನ ಪ್ರವೇಶ ಅರ್ಜಿ' ಅಂತಲೇ ಬರೆಯಿರಿ. ಪುಟದ ಭಾಷೆ ಕನ್ನಡ ಅಂತ ಕೋಡಿನಲ್ಲಿ ಒಂದು ಕಡೆ ಹೇಳುವುದಿರುತ್ತದೆ, ಅದನ್ನೂ ಮರೆಯಬೇಡಿ.

ಇದೆಲ್ಲ ನನ್ನ ಹಟ ಅಂದುಕೊಳ್ಳಬೇಡಿ. ನಮ್ಮಂಥವರಿಗೂ ವೆಬ್‌ಸೈಟ್ ಬಳಸಲು ಬರಲಿ ಅಂತ ಡಬ್ಲ್ಯುಸಿಎಜಿ ಅನ್ನುವ ಜಗತ್ತೆಲ್ಲ ಒಪ್ಪಿದ ಮಾರ್ಗಸೂಚಿ ಇದೆ, ಅದರ 2.2 ಆವೃತ್ತಿ 2023ರಲ್ಲಿ ಬಂತು. ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಜಾಸ್ತಿ ಓಡುವ ಸುದ್ದಿಗೆ ನಿಲ್ಲಿಸುವ ಗುಂಡಿ ಬೇಕು, 3 ಸೆಕೆಂಡಿಗಿಂತ ಜಾಸ್ತಿ ತಾನಾಗಿ ಕೇಳಿಸುವ ಸದ್ದಿಗೂ ಬೇಕು ಅನ್ನುತ್ತದೆ. ನಿಮ್ಮ ಪ್ರಾರ್ಥನೆ ಶುರುವಾದರೆ ನನ್ನ ಸ್ಕ್ರೀನ್ ರೀಡರ್ ದನಿ ಅದರಲ್ಲಿ ಮುಳುಗಿಹೋಗುತ್ತದೆ, ನಿಲ್ಲಿಸುವ ಗುಂಡಿ ಎಲ್ಲಿದೆ ಅಂತ ಹುಡುಕುವುದೂ ಆ ದನಿಯಿಂದಲೇ ತಾನೆ? ಬಣ್ಣದ ಬಗ್ಗೆ ನಾನು ಮಾತಾಡಬಾರದು, ಆದರೂ ಅದರಲ್ಲೇ ಇದೆ, ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು. ಬಿಳಿ ಮೇಲೆ ಹಳದಿ ಬರೆದರೆ ನನಗಷ್ಟೇ ಅಲ್ಲ, ನಮ್ಮ ಅಪ್ಪನಿಗೂ ಕಾಣುವುದಿಲ್ಲ.

ಗಿರಮಿಟ್_ಪ್ರಿಯ:

ಸರಿ, ಒಪ್ಪಿದೆ. ಆದರೆ ಅಪ್‌ಡೇಟ್ ಮಾಡುವವರು ಯಾರು ಅಂತ ಮೊದಲೇ ಬರೆದಿಡಿ. ನನ್ನ ಮಾತಲ್ಲಿ ಅಷ್ಟು ನಿಜ ಇದೆ.

ಉಣಕಲ್_ಕೋಡರ್:

ಇದೆ. ಮತ್ತೊಂದು ಮರೆತಿದ್ದೆ ಸರ್. ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಶಾಲೆಯ ಹೆಸರಲ್ಲೇ, ಶಾಲೆಯ ಇಮೇಲ್‌ನಲ್ಲೇ ಕೊಳ್ಳಿ. ನಾನು ಕೈಗೆತ್ತಿಕೊಂಡ ಒಂದು ಶಾಲೆಯದ್ದು ಹಿಂದೆ ಮಾಡಿದ ಹುಡುಗನ ಹೆಸರಲ್ಲಿತ್ತು, ಅವನು ಪುಣೆಗೆ ಹೋದ, ನಂಬರ್ ಬದಲಾಯಿತು, ವರ್ಷದ ಹಣ ಯಾರೂ ಕಟ್ಟಲಿಲ್ಲ. ಆಮೇಲೆ ಅದೇ ವಿಳಾಸ ತೆರೆದರೆ ಜೂಜಿನ ಜಾಹೀರಾತು. ಶಾಲೆಯ ಬೋರ್ಡಿನ ಮೇಲೆ ಆ ವಿಳಾಸ ಬಣ್ಣದಲ್ಲಿ ಬರೆಸಿದ್ದರು, ಸುಣ್ಣ ಬಳಿಸಬೇಕಾಯಿತು.

ಗಣಿತ_ಮಾಸ್ತರ್_ಹಾವೇರಿ:

ಎಲ್ಲರಿಗೂ ಶರಣು. ಕ್ಲಾರ್ಕ್ ಹಾಳೆ ಇವತ್ತು ಕೈಗೆ ಬಂತು. ಅರ್ಧಕ್ಕಿಂತ ಜಾಸ್ತಿ ಕರೆ ಹಳೇ ವಿದ್ಯಾರ್ಥಿಗಳದ್ದು, ಗೋವಾದಿಂದ, ಮಂಗಳೂರಿನಿಂದ. ಟಿಸಿ ಕಳೆದಿದೆ, ಇನ್ನೊಂದು ಪ್ರತಿ ಸಿಗುತ್ತದಾ, ಏನು ತರಬೇಕು, ಯಾವಾಗ ಬರಬೇಕು. ಇದು ನನ್ನ ತಲೆಗೇ ಬಂದಿರಲಿಲ್ಲ. ಉಳಿದದ್ದು ಪ್ರವೇಶ, ಬಸ್ ಪಾಸ್, ಮತ್ತೆ 'ಇವತ್ತು ಸಾಲಿ ಐತೇನ್ರೀ?' ಚೇರ್ಮನ್ನರ ಫೋಟೊ ಕೇಳಿ ಒಂದು ಕರೆಯೂ ಬಂದಿಲ್ಲ, ಆ ಮಾತನ್ನು ನಾನು ಸಭೆಯಲ್ಲಿ ಹೇಳುವುದಿಲ್ಲ.

ಟಿಸಿ, ಪ್ರವೇಶ, ರಜೆ, ಫೋನ್ ನಂಬರ್, ಈ ನಾಲ್ಕು ಮೇಲೆ ಇಟ್ಟು ಒಂದು ಪುಟ ಮಾಡಿದೆ. ನಮ್ಮ ಸಿಪಾಯಿಯ ಕೈಗೆ ಅವರದೇ ಫೋನ್ ಕೊಟ್ಟು 'ರಜೆ ಪಟ್ಟಿ ಹುಡುಕಿ' ಅಂದೆ, ಸಿಕ್ಕಿತು. ಮುಂದಿನ ಶನಿವಾರ ಮಂಡಳಿಯವರಿಗೂ ಅವರವರ ಫೋನಿನಲ್ಲೇ ತೋರಿಸುತ್ತೇನೆ. ಪ್ರಾರ್ಥನೆಗೆ ಒಂದು ಗುಂಡಿ ಇಟ್ಟಿದ್ದೇನೆ, ಒತ್ತಿದವರಿಗೆ ಕೇಳಿಸುತ್ತದೆ. ಅದಕ್ಕೆ ಒಪ್ಪುತ್ತಾರೋ ಇಲ್ಲವೋ, ಬಂದು ಹೇಳುತ್ತೇನೆ.