ತೋಟದಲ್ಲಿ ಸಿಕ್ಕ ಕಡವೆ ಬುರುಡೆಯನ್ನು ಕ್ಲೀನ್ ಮಾಡಿ ಇಟ್ಟುಕೊಳ್ಳಬಹುದಾ?

ಪ್ರಶ್ನೆ (ಮೂಡಿಗೆರೆ): ಸಾರ್, ನಮ್ಮ ಕಾಫಿ ತೋಟದ ಹಳ್ಳದ ಬದಿಯಲ್ಲಿ ಕೊಂಬಿನ ಸಮೇತ ತಲೆಬುರುಡೆ ಸಿಕ್ಕಿದೆ. ಕಡವೆಯದ್ದಿರಬೇಕು. ಮಾಂಸ ಎಲ್ಲ ಹೋಗಿ ಪಾಚಿ ಹಿಡಿದಿದೆ. ಇನ್ನೂ ಅಲ್ಲೇ ಬಿಟ್ಟಿದ್ದೀವಿ. ಬ್ಲೀಚಿಂಗ್ ಪೌಡರ್ ಹಾಕಿ ಕುದಿಸಿದರೆ ಬೆಳ್ಳಗಾಗುತ್ತೆ ಅಂತಾರೆ, ಹೌದಾ? ಹಾಲ್‌ನಲ್ಲಿ ಹಾಕಬೇಕು ಅಂತ ಆಸೆ.

ಉತ್ತರ (ಪ್ರಾಣಿಗಳ ಮೂಳೆ ಮಾದರಿ ತಯಾರಿಸುವವರು, ಹಾಸನ): ದಯವಿಟ್ಟು ಅದನ್ನು ಮನೆಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಸತ್ತ ಕಾಡುಪ್ರಾಣಿ, ಅದರ ಮೂಳೆ, ಕೊಂಬು ಎಲ್ಲ ಸರ್ಕಾರದ ಸ್ವತ್ತು. ಸ್ವಂತ ತೋಟದಲ್ಲಿ ಸಿಕ್ಕಿದ್ದರೂ ಅಷ್ಟೆ, ತಾನಾಗಿ ಸತ್ತಿದ್ದರೂ ಅಷ್ಟೆ. ಕೈಗೆ ಬಂದಿದ್ದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ಇಟ್ಟುಕೊಂಡರೆ ಜೈಲು, ದಂಡ ಬೀಳಬಹುದು. ಇದ್ದ ಜಾಗದಲ್ಲೇ ಬಿಟ್ಟು, ಫೋಟೋ ತೆಗೆದು, ವಲಯ ಅರಣ್ಯ ಕಚೇರಿಗೆ ಹೇಳಿಬಿಡಿ.

ಆಸೆ ಬುರುಡೆಯದ್ದಾದರೆ ಒಳ್ಳೆ ಕೊಂಬಿನ ಟಗರಿನ ತಲೆಯಲ್ಲಿ ಮಾಡಿ. ನೋಡೋಕೆ ಯಾವುದಕ್ಕೂ ಕಮ್ಮಿ ಇಲ್ಲ. ಆದರೆ ಬ್ಲೀಚಿಂಗ್ ಪೌಡರ್ ಮಾತ್ರ ಬೇಡವೇ ಬೇಡ. ಅದರ ಕ್ಲೋರಿನ್ ಮೂಳೆಯನ್ನು ಹಿಡಿದಿಡುವ ಕೊಲಾಜನ್ ಅನ್ನೋ ಪ್ರೋಟೀನನ್ನೇ ತಿನ್ನುತ್ತೆ. ಅವತ್ತು ಬೆಳ್ಳಗೆ ಕಾಣುತ್ತೆ, ಬರಬರುತ್ತಾ ಸೀಮೆಸುಣ್ಣದ ಥರ ಪುಡಿ ಉದುರುತ್ತೆ. ಕುದಿಸಿದರೆ ಕೊಬ್ಬು ಮೂಳೆಯೊಳಕ್ಕೆ ಇಳಿಯುತ್ತೆ, ಹಲ್ಲು ಸೀಳುತ್ತೆ, ಮೂಗಿನ ತೆಳು ಮೂಳೆ ಬಾಗುತ್ತೆ.

ಮಟನ್ ಅಂಗಡಿಯಲ್ಲಿ ಮೊದಲೇ ಹೇಳಿಡಿ: ತಲೆ ಸುಡಬಾರದು, ಸೀಳಬಾರದು. ನಮ್ಮ ಕಡೆ ಎರಡೂ ರೂಢಿ ಇರೋದರಿಂದ ಹೇಳದಿದ್ದರೆ ಕೆಡುತ್ತೆ. ಚರ್ಮ, ಕಣ್ಣು, ನಾಲಿಗೆ ತೆಗೆದು, ಹಿಂದಿನ ದೊಡ್ಡ ರಂಧ್ರದಲ್ಲಿ ಕೊಕ್ಕೆ ತಂತಿ ಆಡಿಸಿ, ಪೈಪಿನ ನೀರು ಬಿಟ್ಟು ಮಿದುಳು ತೊಳೆದು ಹಾಕಿ. ಕೈಗೆ ಗ್ಲೌಸ್ ಇರಲಿ. ಇದ್ದಕ್ಕಿದ್ದಂತೆ ಸತ್ತು ಮೂಗು ಬಾಯಲ್ಲಿ ರಕ್ತ ಬಂದ ಕುರಿ, ದನದ ತಲೆಯನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಪಶುವೈದ್ಯರಿಗೆ ತಿಳಿಸಿ.

ಆಮೇಲೆ ಮುಚ್ಚಳದ 20 ಲೀಟರ್ ಬಕೆಟ್ಟಿನಲ್ಲಿ ಬುರುಡೆ ಮುಳುಗುವಷ್ಟು ಬಾವಿ ನೀರು ಹಾಕಿ ಕೊಳೆಯಲು ಬಿಡಿ. ಕ್ಲೋರಿನ್ ಇರುವ ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಬಳಸಿ. ಮಾಂಸ ಕರಗಿಸೋದು ಬ್ಯಾಕ್ಟೀರಿಯಾ, ಅದಕ್ಕೆ 30 ಡಿಗ್ರಿ ಆಸುಪಾಸು ಬಿಸಿ ಬೇಕು. ಚಳಿಗಾಲದಲ್ಲಿ ಮೀನಿನ ತೊಟ್ಟಿಯ ಹೀಟರ್ ಹಾಕದಿದ್ದರೆ ಕೆಲಸ ಮುಂದೆ ಹೋಗಲ್ಲ. ವಾರಕ್ಕೊಮ್ಮೆ ಅರ್ಧ ನೀರು ಮಾತ್ರ ಬದಲಿಸಿ. ಪೂರ್ತಿ ಚೆಲ್ಲಿದರೆ ಬ್ಯಾಕ್ಟೀರಿಯಾವೂ ಹೋಗುತ್ತೆ. 2ರಿಂದ 4 ವಾರ ಹಿಡಿಯುತ್ತೆ, ವಾಸನೆ ಜೋರು. ಆ ನೀರನ್ನು ಬಾವಿಯಿಂದ ದೂರ ಗುಂಡಿ ತೋಡಿ ಸುರಿಯಿರಿ. ಬಕೆಟ್ ಮೇಲೆ ಕಲ್ಲು ಹೇರಿ, ಇಲ್ಲದಿದ್ದರೆ ನಾಯಿ ಬಿಡಲ್ಲ.

ಪ್ರಶ್ನೆ (ಬೇಲೂರು): ಕೊಂಬನ್ನೂ ನೀರಲ್ಲಿ ಬಿಡಬೇಕಾ ಸಾರ್?

ಉತ್ತರ: ಬಿಡಬೇಕು. ಕಡವೆ, ಸಾರಗದ ಕೊಂಬು ಪೂರ್ತಿ ಮೂಳೆ, ಉದುರಿ ಮತ್ತೆ ಬೆಳೆಯುತ್ತೆ. ಟಗರಿನದ್ದು ಹಾಗಲ್ಲ, ಒಳಗೆ ಮೂಳೆಯ ತಿರುಳು, ಮೇಲೆ ಉಗುರಿನ ಜಾತಿಯ ಕೆರಟಿನ್ ಕವಚ. ನಡುವಿನ ಪೊರೆ ಕೊಳೆತ ಮೇಲೆ, ಸಾಮಾನ್ಯವಾಗಿ ಒಂದೆರಡು ವಾರಕ್ಕೆ, ಕವಚ ತಿರುಚಿದರೆ ಕಳಚಿ ಬರುತ್ತೆ. ಬರದಿದ್ದರೆ ಬಡಿಯಬೇಡಿ, ಇನ್ನೂ ನಾಲ್ಕು ದಿನ ಬಿಡಿ. ಬಂದ ಕವಚದ ಒಳಗೆ ಬ್ರಷ್ ಹಾಕಿ ತೊಳೆದು ನೆರಳಲ್ಲಿ ಒಣಗಿಸಿ. ಕೊಬ್ಬು ತೆಗೆಯುವ ಬಿಸಿ ನೀರಿಗೂ ಮೂಳೆ ಬೆಳ್ಳಗೆ ಮಾಡುವ ಹೈಡ್ರೋಜನ್ ಪೆರಾಕ್ಸೈಡಿಗೂ ಕವಚ ಹಾಕಬೇಡಿ, ಬಣ್ಣ ಹೋಗುತ್ತೆ. ಎಲ್ಲ ಮುಗಿದ ಮೇಲೆ ಅರಾಲ್ಡೈಟ್‌ನಲ್ಲಿ ಕೂರಿಸಿ.

ಪ್ರಶ್ನೆ (ಅರಸೀಕೆರೆ): ನಾನು ಪೆರಾಕ್ಸೈಡ್ ಹಾಕಿ ಬೆಳ್ಳಗೆ ಮಾಡಿದ್ದೆ. ಈಗ ಹಿಂಭಾಗದಲ್ಲೂ ದವಡೆಯಲ್ಲೂ ಹಳದಿ ಕಲೆ ಬಂದು ಮುಟ್ಟಿದರೆ ಜಿಡ್ಡು. ಮತ್ತೆ ಪೆರಾಕ್ಸೈಡ್ ಹಾಕಲಾ?

ಉತ್ತರ: ಬೇಡ. ಅದು ಬಣ್ಣದ ಕಲೆ ಅಲ್ಲ, ಒಳಗಿನ ಕೊಬ್ಬು ಮೇಲೆ ಬರ್ತಿರೋದು. ಬುರುಡೆ ಚೆನ್ನಾಗಿ ಬರೋದು, ಕೆಡೋದು ಎಲ್ಲ ಈ ಹಂತದಲ್ಲೇ, ಹೆಚ್ಚಿನವರು ಆತುರಪಟ್ಟು ಬಿಡೋದೂ ಇದನ್ನೇ. 10 ಲೀಟರ್ ನೀರಿಗೆ ಸುಮಾರು 100 ಮಿಲಿ ವಿಮ್ ಲಿಕ್ವಿಡ್ ಹಾಕಿ, 45ರಿಂದ 50 ಡಿಗ್ರಿ ಬಿಸಿಯಲ್ಲಿ ನೆನೆಹಾಕಿ. ನೀರು ಮಬ್ಬಾದಾಗ, ಮೇಲೆ ಜಿಡ್ಡು ತೇಲಿದಾಗ ಬದಲಿಸಿ. ನೀರು ತಿಳಿಯಾಗಿಯೇ ಉಳಿದರೆ ಹೊರತೆಗೆದು ಒಂದು ವಾರ ಒಣಗಿಸಿ ನೋಡಿ. ಒದ್ದೆ ಮೂಳೆಯಲ್ಲಿ ಕೊಬ್ಬು ಕಾಣಲ್ಲ, ಒಣಗಿದ ಮೇಲೆ ಎಣ್ಣೆ ಹೀರಿದ ಕಾಗದದ ಹಾಗೆ ಆ ಜಾಗ ಪಾರದರ್ಶಕವಾಗಿ ಕಾಣುತ್ತೆ. ಕಂಡರೆ ಮತ್ತೆ ಸೋಪು ನೀರು. ಟಗರಿಗೆ ತಿಂಗಳು, ಎರಡು ತಿಂಗಳಾದರೂ ಆಶ್ಚರ್ಯ ಇಲ್ಲ.

ಪೆರಾಕ್ಸೈಡ್ ಕೊನೆಗೆ. ಮೆಡಿಕಲ್ ಶಾಪಿನಲ್ಲಿ ಸಿಗುವ 20 ವಾಲ್ಯೂಮ್ ಅಂದರೆ 6%, ಅದಕ್ಕೆ ಸಮ ನೀರು ಸೇರಿಸಿದರೆ 3%. ಪ್ಲಾಸ್ಟಿಕ್ ಡಬ್ಬದಲ್ಲಿ ಒಂದರಿಂದ ಮೂರು ದಿನ ಸಾಕು. ಮುಚ್ಚಳ ಬಿಗಿಯಬೇಡಿ, ಆಮ್ಲಜನಕ ತುಂಬಿ ಸಿಡಿಯುತ್ತೆ. ಹೊರಗೆ ಬಿದ್ದಿದ್ದ ಹಳೆ ಮೂಳೆಯ ಪಾಚಿಯೂ ಇದರಲ್ಲೇ ಹೋಗುತ್ತೆ, ಮಣ್ಣಿನ ಕಂದು ಬಣ್ಣ ಮಾತ್ರ ಪೂರ್ತಿ ಹೋಗಲ್ಲ.

ಪ್ರಶ್ನೆ (ಸಕಲೇಶಪುರ): ಮುಂದಿನ ಮೇಲಿನ ಹಲ್ಲು ಎಲ್ಲೂ ಸಿಗ್ತಿಲ್ಲ, ಬಕೆಟ್ ನೀರಿನ ಜೊತೆ ಚೆಲ್ಲಿಹೋಯ್ತಾ? ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ವಾರ್ನಿಶ್ ಹೊಡೆಯಲಾ?

ಉತ್ತರ: ಕುರಿಗೆ ಮೇಲ್ಗಡೆ ಮುಂದಿನ ಹಲ್ಲೇ ಇಲ್ಲ, ಅಲ್ಲಿರೋದು ಗಟ್ಟಿ ವಸಡು. ಬೆಳೆದ ಟಗರಿಗೆ ಒಟ್ಟು 32 ಹಲ್ಲು: ಕೆಳಗೆ ಮುಂದೆ 8, ದವಡೆ ಹಲ್ಲು ಮೇಲೆ 12, ಕೆಳಗೆ 12. ನೀರು ಚೆಲ್ಲುವಾಗ ಪ್ರತಿ ಸಲ ಜರಡಿ ಹಿಡಿಯಿರಿ. ಹಲ್ಲಿನ ಬೇರು ಅದರದ್ದೇ ಗುಳಿಯಲ್ಲಿ ಮಾತ್ರ ಸರಿಯಾಗಿ ಕೂರೋದು, ಕೂರಿಸಿ ನೋಡಿ ಒಂದು ಹನಿ ಫೆವಿಕಾಲ್ ಹಾಕಿ. ವಾರ್ನಿಶ್ ಬೇಡ, ಹಳದಿಯಾಗುತ್ತೆ, ಕೊಬ್ಬು ಉಳಿದಿದ್ದರೆ ತೆಗೆಯೋಕೂ ಬಿಡಲ್ಲ. ಮಳೆಗಾಲದಲ್ಲಿ ಹೊರಗೋಡೆಗೆ ಅಂಟಿಸಿ ತೂಗುಹಾಕಬೇಡಿ. ಗಾಜಿನ ಕಪಾಟಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಟ್ಟು, ಜೆಲ್ ಆಗಾಗ ಬಿಸಿ ಮಾಡಿ ಒಣಗಿಸಿ.